ಗುಂಡಿ ದಾಟಿದ ಮೇಲೆ ಬರುವ ಶಬ್ದ

"ಬಾಯಲ್ಲಿ ಮಾಡಿ ತೋರಿಸಿ ಸಾರ್," ಅಂದ ಕಿವಿ ಮೇಸ್ತ್ರಿ.

ಇದು ಮೂರನೆಯ ಸಲ. ಈ ಗ್ಯಾರೇಜಿನ ಕಟ್ಟಳೆಯೇ ಹಾಗೆ. ಗಾಡಿಯಲ್ಲಿ ಏನು ಶಬ್ದ ಬರುತ್ತದೋ ಅದನ್ನು ಗಾಡಿಯವನು ಮೊದಲು ಬಾಯಲ್ಲಿ ಮಾಡಿ ತೋರಿಸಬೇಕು. ಮೇಸ್ತ್ರಿ ಕಣ್ಣು ಮುಚ್ಚಿ ಕೇಳಿ, ಅದನ್ನು ಅಕ್ಷರದಲ್ಲಿ ಒಂದು ಚೀಟಿಯ ಮೇಲೆ ಬರೆದು, ಗೋಡೆಯ ಮೊಳೆಗೆ ಚುಚ್ಚಿ, ಆಮೇಲಷ್ಟೇ ಸ್ಪ್ಯಾನರ್ ಮುಟ್ಟುವವನು. ಮೊಳೆಯ ತುಂಬ ಗುರ್ರ್, ಕಿರಕ್ ಕಿರಕ್, ಟಪ್ಪೋಸ್ ಎಂದು ದಪ್ಪ ಅಕ್ಷರದ ಚೀಟಿಗಳು. ಎಂತೆಂಥ ದೊಡ್ಡ ಮನುಷ್ಯರು ಇಲ್ಲಿ ನಿಂತು ಕಪ್ಪೆಯ ಹಾಗೆ ಕೂಗಿ ಹೋಗಿದ್ದಾರೋ, ಆದರೆ ಈಗ ಗಾಡಿ ತಂದು ನಿಂತವನಿಗೆ ಅದು ಸಮಾಧಾನವೇನೂ ಆಗಲಿಲ್ಲ. ಅವನು ತೂಕ ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಅವನು ಅಂಗಡಿಯೊಳಗೆ ಕಾಲಿಟ್ಟರೆ ಮಾಲೀಕರು ಬಾಯಲ್ಲಿದ್ದದ್ದನ್ನು ನುಂಗದೆ ಎದ್ದು ನಿಲ್ಲುತ್ತಾರೆ. ಅಂಥವನು ಗ್ರೀಸು ಮೆತ್ತಿದ ನೆಲದ ಮೇಲೆ ನಿಂತು, ಗಂಟಲು ಸರಿಮಾಡಿಕೊಂಡು, ನಾಲಗೆಯನ್ನು ಅಂಗುಳಕ್ಕೆ ಒತ್ತಿ ಬಿಡಬೇಕು. ಬಿಟ್ಟ. ಟಕ್. ಬೆಂಚಿನ ಮೇಲೆ ತನ್ನ ಸ್ಕೂಟರಿನ ಸರದಿಗೆ ಕಾಯುತ್ತಿದ್ದ ಪೋಸ್ಟ್‌ಮನ್ನು ತಲೆ ವಾರೆ ಮಾಡಿ ಕೇಳಿದ. "ಹೋದ ವಾರ ಮಾಡಿದ್ದು ಇನ್ನೂ ಸ್ವಲ್ಪ ಗಟ್ಟಿ ಇತ್ತು ಸಾರ್," ಅಂದ, ಮರ್ಯಾದೆಯಿಂದಲೇ. ಬೇರೆ ಯಾರಾದರೂ ಹೀಗಂದಿದ್ದರೆ ಅವನು ಕೆರಳುತ್ತಿದ್ದ. ಪೋಸ್ಟ್‌ಮನ್ ಅಂದದ್ದರಿಂದ ಸುಮ್ಮನೆ ಇನ್ನೊಂದು ಸಲ, ಗಟ್ಟಿಯಾಗಿ, ಟಕ್ ಅಂದ.

"ಒಂದೇನಾ?"

"ಒಂದೇ."

"ಗುಂಡಿಗೆ ಇಳಿದಾಗಲಾ, ಹತ್ತಿದಾಗಲಾ?"

"ದಾಟಿದ ಮೇಲೆ. ದಾಟಿ, ಗಾಡಿ ಸಮ ಆಗಿ, ಇನ್ನೇನು ಇಲ್ಲ ಅಂದ್ಕೊಂಡಾಗ ಬರುತ್ತೆ."

ಮೇಸ್ತ್ರಿ ಕಣ್ಣು ತೆರೆದ. "ಅದೇ ನನ್ನ ತಲೆ ತಿಂತಾ ಇರೋದು. ಕಬ್ಬಿಣಕ್ಕೆ ಯೋಚನೆ ಮಾಡಿ ಮಾತಾಡೋ ಅಭ್ಯಾಸ ಇಲ್ಲ ಸಾರ್. ಪೆಟ್ಟು ಬಿದ್ದ ತಕ್ಷಣ ಕೂಗುತ್ತೆ. ನಿಮ್ಮದೊಂದು ಗಾಡಿ ಮಾತ್ರ ನಿಧಾನವಾಗಿ ಆಲೋಚಿಸಿ ಕೂಗ್ತಿದೆ."

ಮೊದಲ ಸಲ ಮೇಸ್ತ್ರಿ ಬೈಕಿನ ಹಿಂದಿನ ಚಕ್ರ ಬಿಚ್ಚಿ ಬುಶ್‌ಗಳನ್ನೆಲ್ಲ ಬದಲಾಯಿಸಿದ್ದ. ಎರಡನೆಯ ಸಲ ಹಿಂದಿನ ಎರಡೂ ಶಾಕ್ ಅಬ್ಸಾರ್ಬರುಗಳನ್ನು ಬಿಚ್ಚಿ, ಸ್ಪ್ರಿಂಗನ್ನು ಕಿವಿಗಿಟ್ಟುಕೊಂಡು ಬೆರಳಲ್ಲಿ ತಟ್ಟಿ, ಎಣ್ಣೆ ಬದಲಾಯಿಸಿ, ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೂ ತುದಿಯನ್ನು ಗಾಡಿಯ ಮೈಗೂ ಒತ್ತಿ ಒಂದು ಗಂಟೆ ಕೂತಿದ್ದ. ತಾನೇ ಹಿಂದೆ ಕೂತು ಊರೆಲ್ಲ ಸುತ್ತಿಸಿದ್ದ. ಶಬ್ದವಿಲ್ಲ. ಯಾಕೆಂದರೆ ಅದು ಬರುತ್ತಿದ್ದುದು ಹಿಂದೆ ಅವನ ಹೆಂಡತಿ ಕೂತಾಗ ಮಾತ್ರ. ಈ ಮಾತನ್ನು ಅವನು ಎರಡು ಭೇಟಿ ಮುಚ್ಚಿಟ್ಟು, ಈಗ, ಮೂರನೆಯದರಲ್ಲಿ, ಹಲ್ಲುನೋವು ಒಪ್ಪಿಕೊಂಡವನ ಹಾಗೆ ಹೇಳಿದ.

"ಹಾಗಿದ್ರೆ ಅಕ್ಕನ್ನ ಕರ್ಕೊಂಡು ಬನ್ನಿ."

"ಅದಾಗಲ್ಲ. ಅವಳಿಗೆ ಗೊತ್ತಾಗಬಾರದು."

ಗೊತ್ತಾದರೆ ಅವಳು ನಾಳೆ ಬರುವುದಿಲ್ಲ. ನಾಳೆ, ಭಾನುವಾರ, ಬೆಳಿಗ್ಗೆ ಆರು ಗಂಟೆಗೆ ಹೊರಟು ಐದು ದಿನ ಸಮುದ್ರದ ದಂಡೆಯುದ್ದಕ್ಕೂ ಇಬ್ಬರೂ ಹೋಗಬೇಕು. ಎಂಟು ತಿಂಗಳಾದ ಮೇಲೆ ಮೊದಲ ಸಲ ಅವಳು ದೂರದ ಪ್ರಯಾಣಕ್ಕೆ ಹೂಂ ಅಂದಿದ್ದಳು, ಅದೂ ಬಟ್ಟೆ ಮಡಚುತ್ತ, ತಲೆಯೆತ್ತದೆ. ಗಾಡಿಯ ಹಿಂಭಾಗದಲ್ಲಿ ಏನೋ ಸಡಿಲಾಗಿದೆ ಅಂತ ತಿಳಿದರೆ ಆ ಹೂಂ ಎಷ್ಟು ಹೊತ್ತು ನಿಲ್ಲುತ್ತದೆ? ಇನ್ನೂ ಒಂದು ವಿಷಯ ಇತ್ತು. ಅದನ್ನು ಮೇಸ್ತ್ರಿಗೆ ಹೇಳುವಂತಿರಲಿಲ್ಲ. ಅವಳಿಗೆ ಹೇಳಬೇಕಾದ ಒಂದು ಮಾತು ಅವನಲ್ಲಿ ಕೂತು ಹುಳಿಯುತ್ತಿತ್ತು, ಈ ಶಬ್ದ ನಿಂತ ದಿನ ಅದನ್ನು ಹೇಳಿಬಿಡುತ್ತೇನೆ ಅಂತ ತನಗೆ ತಾನೇ ಮಾತು ಕೊಟ್ಟುಕೊಂಡಿದ್ದ. ಗಾಡಿಗೂ ಮಾತಿಗೂ ಸಂಬಂಧವೇನೂ ಇರಲಿಲ್ಲ, ಆದರೆ ಎಂಟು ತಿಂಗಳು ಸುಮ್ಮನಿರುವುದಕ್ಕೆ ಅದು ಸಾಕಾಗಿತ್ತು. ಅವಳನ್ನೇ ಒಮ್ಮೆ ಕೇಳಿದ್ದ, ಉಪಾಯವಾಗಿ, ಹಿಂದಿನಿಂದ ಏನಾದರೂ ಸದ್ದು ಕೇಳಿಸುತ್ತಾ ಅಂತ. "ಹಿಂದೆ ಇರೋಳು ನಾನೇ, ನನಗೇನೂ ಕೇಳಿಸಲ್ಲಪ್ಪ," ಅಂದಿದ್ದಳು. ಅವಳಿಗೆ ಕೇಳಿಸದ್ದು ತನಗೆ ಕೇಳುತ್ತಿದೆಯಲ್ಲ ಅಂತ ಆ ರಾತ್ರಿ ಕಿವಿಗೆ ಎಣ್ಣೆ ಬಿಟ್ಟುಕೊಂಡಿದ್ದ.

"ಮಾರಾಯರೇ, ಅಕ್ಕ ಬೇಡ ಅಂದ್ರೆ ಅಕ್ಕನ ತೂಕವಾದ್ರೂ ಬೇಕಲ್ಲ," ಅಂದ ಮೇಸ್ತ್ರಿ. "ಎಷ್ಟಿದ್ದಾರೆ?"

ಅವನಿಗೆ ಗೊತ್ತಿರಲಿಲ್ಲ. ಕೈಯಲ್ಲಿ ಎತ್ತಿಹಿಡಿದು ಕಿಲೋಗೆ ಹತ್ತು ಗ್ರಾಮು ಕಡಿಮೆ ಅಂತ ಹೇಳಬಲ್ಲವನಿಗೆ, ಹತ್ತೊಂಬತ್ತು ವರ್ಷ ಒಂದೇ ಮನೆಯಲ್ಲಿ ಓಡಾಡಿದ ಹೆಂಡತಿ ಎಷ್ಟು ತೂಗುತ್ತಾಳೆ ಅನ್ನುವುದು ಗೊತ್ತಿರಲಿಲ್ಲ. ಪೋಸ್ಟ್‌ಮನ್ ನೆಲ ನೋಡಿದ. ಮೇಸ್ತ್ರಿಯೂ ಬೇಕಂತಲೇ ಬೇರೆ ಕಡೆ ನೋಡಿದ. ಗೊತ್ತಿದ್ದದ್ದು ಒಂದೇ: ಅವಳು ಹತ್ತಿ ಕೂತಾಗ ಗಾಡಿಯ ಹಿಂಭಾಗ ಎರಡು ಬೆರಳು ಇಳಿಯುತ್ತದೆ. ಅಷ್ಟು ಸಾಕು ಅಂದ ಮೇಸ್ತ್ರಿ, ಗಾಡಿಯನ್ನೇ ತಕ್ಕಡಿ ಮಾಡೋಣ, ಎರಡು ಬೆರಳು ಇಳಿಯೋ ತನಕ ಏನಾದ್ರೂ ಹೇರಿ. ಹಾಗೆ ಅವನು ಶನಿವಾರದ ಅರ್ಧ ದಿನದ ಕಚೇರಿಗೆ ಹೋಗಿ, ಬೀರು ತೆರೆದು, ಪುಸ್ತಕದಲ್ಲಿ "ಪರೀಕ್ಷೆಗಾಗಿ" ಎಂದು ಬರೆದು ರುಜು ಹಾಕಿ, ಇಲಾಖೆಯ ಮುದ್ರೆಯಿರುವ ಕಬ್ಬಿಣದ ತೂಕಗಳನ್ನು ಗಾಡಿಯ ಎರಡು ಪಕ್ಕದ ಸಾಮಾನಿನ ಡಬ್ಬಿಗಳಲ್ಲಿ ತುಂಬಿಕೊಂಡು ಬಂದ. ಬರೆದದ್ದರಲ್ಲಿ ಸುಳ್ಳೇನೂ ಇಲ್ಲ ಅಂತ ದಾರಿಯಲ್ಲಿ ನಾಲ್ಕು ಸಲ ಅಂದುಕೊಂಡ.

ಗೋಣಿಚೀಲವನ್ನು ಹಿಂದಿನ ಸೀಟಿನ ಮೇಲೆ ಕೂರಿಸಿ ಒಂದೊಂದೇ ತೂಕ ಇಳಿಬಿಟ್ಟರು. ಇಪ್ಪತ್ತು. ಇನ್ನೊಂದು ಇಪ್ಪತ್ತು. ಹತ್ತು. ಮೇಸ್ತ್ರಿ ನೆಲದ ಮೇಲೆ ಮಲಗಿ ಬೆರಳಿಟ್ಟು ಅಳೆಯುತ್ತಿದ್ದ. ಐದು. ಎರಡು. "ಒಂದು ಚೂರು," ಅಂದ. ಒಂದು ಕಿಲೋದ ತೂಕ ಒಳಗೆ ಇಟ್ಟಾಗ ಸ್ಪ್ರಿಂಗು ಒಂದು ಸಣ್ಣ ಉಸಿರುಬಿಟ್ಟು ಕೆಳಗೆ ಕೂತಿತು. ಐವತ್ತೆಂಟು. ಇಷ್ಟೇನಾ ಅನ್ನಿಸಿತೋ, ಇಷ್ಟೊಂದಾ ಅನ್ನಿಸಿತೋ, ಅವನಿಗೇ ತಿಳಿಯಲಿಲ್ಲ. ಎಂಟು ತಿಂಗಳ ಹಿಂದೆ ಒಂದು ದಿನ ಇಷ್ಟು ಭಾರ ಹಿಂದಿನಿಂದ ಕಳೆದುಹೋದದ್ದು ಗೊತ್ತಾಗದೆ ಹತ್ತೊಂಬತ್ತು ಕಿಲೋಮೀಟರ್ ಹೋಗಿದ್ದ.

ಅವತ್ತು ಪೆಟ್ರೋಲ್ ಬಂಕಿನಲ್ಲಿ ಅವಳು ಇಳಿದು ಶೌಚಕ್ಕೆ ಹೋಗಿದ್ದಳು. ಇವನು ಟ್ಯಾಂಕು ಮುಚ್ಚಿ, ಹೆಲ್ಮೆಟ್ ಹಾಕಿ, ಹೋಗೋಣವಾ ಅಂತ ಕೇಳಿ, ಯಾರೋ ಹೂಂ ಅಂದ ಹಾಗೆ ಕೇಳಿಸಿ, ಹೊರಟುಬಿಟ್ಟ. ಹಳೆಯ ಸ್ಕೂಟರಿನಲ್ಲಿ ಆಗಿದ್ದರೆ ಹೀಗಾಗುತ್ತಿರಲಿಲ್ಲ. ಅದರಲ್ಲಿ ಅವಳ ಕೈ ಇವನ ಭುಜದ ಮೇಲಿರುತ್ತಿತ್ತು. ಈ ದೂರ ಪ್ರಯಾಣದ ಗಾಡಿಯಲ್ಲಿ ಹಿಂದಿನವರಿಗೆ ಕುರ್ಚಿಯಂಥ ಸೀಟು, ಬೆನ್ನಿಗೆ ಒರಗು, ಎರಡೂ ಕಡೆ ಕಬ್ಬಿಣದ ಹಿಡಿಕೆ. ಅವಳು ಒಂದು ಮೊಳ ಆಚೆ ತನ್ನಷ್ಟಕ್ಕೆ ಕೂತಿರುತ್ತಾಳೆ. ಆ ಹತ್ತೊಂಬತ್ತು ಕಿಲೋಮೀಟರು ಅವನು ಮಾತಾಡಿದ್ದ. ಮದುವೆಯಾದ ಮೇಲೆ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ಅವಳು ಪುಸ್ತಕಾಲಯದ ಕೆಲಸಕ್ಕೆ ಅರ್ಜಿ ಹಾಕಿದ್ದು, ಸಂದರ್ಶನಕ್ಕೆ ಕರೆದ ಕಾಗದವನ್ನು ಗೇಟಿನ ಹತ್ತಿರ ಪೋಸ್ಟ್‌ಮನ್ ಬೇರೆ ಕಾಗದಗಳ ಜೊತೆ ಇವನ ಕೈಗೇ ಕೊಟ್ಟದ್ದು, ಇವನು ಅದನ್ನು ಕಚೇರಿಯ ಚೀಲದಲ್ಲಿ ಮುದ್ರೆಗಳ ಕೆಳಗೆ ಇಟ್ಟು ಮರೆತದ್ದು, ಎಂಟು ದಿನ ಕಳೆದು ಕೊಟ್ಟಾಗ ಸಂದರ್ಶನ ಮುಗಿದುಹೋಗಿದ್ದು, ಪೋಸ್ಟು ತಡ ಅಂತ ತಾನು ಹೇಳಿದ್ದು. ಅಷ್ಟೇ ಅಲ್ಲ, ಮೂರನೆಯ ದಿನ ಚೀಲದಲ್ಲಿ ಕಾಗದ ಕಣ್ಣಿಗೆ ಬಿದ್ದಿತ್ತು ಅನ್ನುವುದನ್ನೂ ಹೇಳಿದ. ನೋಡಿ, ಒಳಗೇ ಇಟ್ಟದ್ದನ್ನೂ ಹೇಳಿದ. ಹೇಳಿ ಮುಗಿಸಿ, ಕಣ್ಣಲ್ಲಿ ನೀರು ಬಂದು, ಹೆಲ್ಮೆಟ್ಟಿನ ಗಾಜು ಮಂಜಾಗಿ, ತಪ್ಪಾಯ್ತು ಕಣೇ ಅಂದ. ಹಿಂದಿನಿಂದ ಒಂದು ಮಾತೂ ಬರಲಿಲ್ಲ. ಆ ಮೌನ ಎಷ್ಟು ದೊಡ್ಡದು, ಎಂಥ ಹೆಂಗಸು ಇವಳು ಅಂತ ಅವನ ಮನಸ್ಸು ತುಂಬಿಬಂದಿತ್ತು. ಗಾಜು ಒರೆಸಲು ನಿಲ್ಲಿಸಿ ತಿರುಗಿ ನೋಡಿದರೆ ಖಾಲಿ ಸೀಟು, ಬಿಸಿಲು ಬಿದ್ದು ಕಾದಿತ್ತು.

ಹಿಂದಕ್ಕೆ ಓಡಿಸಿದ ಓಟದಲ್ಲಿ ಒಂದು ದೊಡ್ಡ ಗುಂಡಿಗೆ ಗಾಡಿ ಧಡಕ್ಕೆಂದು ಬಿದ್ದೆದ್ದಿತು. ಬಂಕಿನಲ್ಲಿ ಅವಳು ಗಾಳಿ ಹಾಕುವ ಪಂಪಿನ ಪಕ್ಕ ಸ್ಟೂಲಿನ ಮೇಲೆ ಕೂತಿದ್ದಳು. ಯಾರೋ ನೀರು ಕೊಟ್ಟಿದ್ದರು. "ಬಂದ್ರಾ," ಅಂದಳು. ಹತ್ತಿ ಕೂತಳು. ಬೈಯಲಿಲ್ಲ. ಒಂದು ಮಾತು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ ಅಂತ ಅವನಿಗೆ ಈಗಲೂ ಅನ್ನಿಸುತ್ತದೆ. ಆ ದಿನ ವಾಪಸು ಬರುವಾಗ, ಮೊದಲ ಗುಂಡಿ ದಾಟಿದ ಮೇಲೆ, ಹಿಂದಿನಿಂದ ಟಕ್ ಅಂತ ಕೇಳಿತು. ಆ ದೊಡ್ಡ ಗುಂಡಿಗೆ ಬಿದ್ದಾಗಲೇ ಏನೋ ಮುರಿದಿದೆ ಅಂತ ಅವನಿಗೆ ಖಾತ್ರಿಯಾಯಿತು. ಗಾಡಿ ಸಾಕ್ಷಿ ಇಟ್ಟುಕೊಂಡಿದೆ.

"ಮುದ್ರೆ ಕಾಣುತ್ತೆ ಸಾರ್," ಅಂದ ಪೋಸ್ಟ್‌ಮನ್. ಗ್ಯಾರೇಜಿನಲ್ಲಿ, ಸೀಟಿನ ಮೇಲಿನ ಚೀಲದ ಬಾಯಿಂದ ಇಪ್ಪತ್ತರ ತೂಕ ಇಣುಕುತ್ತಿತ್ತು. ಇಲಾಖೆಯ ತೂಕ ಹೀಗೆ ಬೀದಿ ಸುತ್ತುವಂತಿಲ್ಲ. ಡಬ್ಬಿಯಲ್ಲಿ ಸದಾ ಇರುವ ಅವಳ ನೀಲಿ ರೇನ್‌ಕೋಟ್ ತೆಗೆದು ಚೀಲಕ್ಕೆ ಹೊದಿಸಿದರು. ಪೋಸ್ಟ್‌ಮನ್ನೇ ಹಗ್ಗ ಬಿಗಿದ, ಗಾಳಿಗೆ ಹಾರದಿರಲಿ ಅಂತ ಕೋಟಿನ ಗುಂಡಿಗಳನ್ನು ಕೆಳಗಿನಿಂದ ಮೇಲಿನವರೆಗೆ ಹಾಕಿದ, ಟೋಪಿಯನ್ನೂ ಎಳೆದು ಸರಿಮಾಡಿದ. ಕಟ್ಟುತ್ತ ಕಟ್ಟುತ್ತ ಮಾತಿಗೆ ಮಾತು ಬಂದು ಹೇಳಿದ: "ಅಕ್ಕನ ಆ ಕಾಗದದ್ದು ಸಾರ್, ಯಾವತ್ತು ಯಾರ ಕೈಗೆ ಕೊಟ್ಟೆ ಅಂತಾನೂ ನೆನಪಿಲ್ಲ, ಹೇಗೆ ತಡ ಆಯ್ತೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಅಕ್ಕ ದೂರು ಬರೆದುಕೊಟ್ಟ ಮೇಲೆ ನಮ್ಮ ದೊಡ್ಡೋರು ಕರೆಸಿದ್ರು. ಅಕ್ಕನ ಎದುರಿಗೇ ತಪ್ಪಾಯ್ತು ಅಂದೆ. ಅವತ್ತಿಂದ ಯಾವ ಕಾಗದ ಯಾವ ಮನೆಗೆ ಎಷ್ಟು ಗಂಟೆಗೆ ಹಾಕಿದೆ ಅಂತ ಬರ್ಕೊಳ್ತೀನಿ." ಕಿಸೆಯಿಂದ ಸಣ್ಣ ಪುಸ್ತಕ ತೆಗೆದು ತೋರಿಸಿದ. ಒತ್ತೊತ್ತಾಗಿ ಬರೆದಿದ್ದ. ಇವನು ಚೆನ್ನಾಗಿದೆ ಅಂದ. ಅಂದ ಮೇಲೆ ಏನು ಚೆನ್ನಾಗಿದೆ ಅಂತ ನಾಚಿಕೆಯಾಗಿ ಗಾಡಿ ಹತ್ತಿದ.

ಪರೀಕ್ಷೆಗೆ ಊರೊಳಗಿನ ರಸ್ತೆಯ ಏಳು ಹಂಪುಗಳನ್ನು ದಾಟಬೇಕಿತ್ತು. ಮೊದಲನೆಯದು. ಕಿವಿಯನ್ನೆಲ್ಲ ಬೆನ್ನಿಗೆ ತಂದುಕೊಂಡು ಕಾದ. ಇಲ್ಲ. ಎರಡನೆಯದರ ಹತ್ತಿರ, ಹೋದ ತಿಂಗಳು ತಕ್ಕಡಿ ವಶಪಡಿಸಿಕೊಂಡಿದ್ದ ಅಂಗಡಿಯವನು ಗಡಬಡಿಸಿ ಹೊರಗೆ ಬಂದು, "ನಮಸ್ಕಾರ ಸಾರ್, ನಮಸ್ಕಾರ ಅಮ್ಮ," ಅಂತ ಚೀಲಕ್ಕೂ ಕೈಮುಗಿದ. ಇವನು ತಲೆಯಾಡಿಸಿ ಮುಂದೆ ಹೋದ. ಮೂರು, ನಾಲ್ಕು. ಶಬ್ದವಿಲ್ಲ. ನಾಲ್ಕರ ನಂತರದ ಉದ್ದನೆಯ ದಾರಿಯಲ್ಲಿ ಸುಮ್ಮನಿರಲಾಗದೆ, ಅಭ್ಯಾಸಕ್ಕೆ ಅಂತ, "ನೋಡೇ ಇವಳೇ, ಆ ಕಾಗದ ಇತ್ತಲ್ಲ," ಅಂತ ಶುರುಮಾಡಿದ. ಐವತ್ತೆಂಟು ಕಿಲೋ ಕಬ್ಬಿಣ ತಾಳ್ಮೆಯಿಂದ ಕೇಳಿಸಿಕೊಂಡಿತು. ಈ ಸಲ ಮಾತು ಇನ್ನೂ ಚೆನ್ನಾಗಿ ಜೋಡಣೆಯಾಯಿತು. ಪೋಸ್ಟ್‌ಮನ್ನಿನ ಪುಸ್ತಕದ ವಿಷಯವನ್ನೂ ಸೇರಿಸಿದ. ಖಾಲಿ ಸೀಟಿಗೆ ಒಂದು ಸಲ, ಚೀಲಕ್ಕೆ ಒಂದು ಸಲ. ಇನ್ನು ಅವಳೊಬ್ಬಳನ್ನು ಬಿಟ್ಟು ಊರಿಗೆಲ್ಲ ಹೇಳಿ ಮುಗಿಸುತ್ತೇನೇನೋ ಅನ್ನಿಸಿ, ಸಿಗ್ನಲ್ಲಿನಲ್ಲಿ ಕೆಂಪು ದೀಪಕ್ಕೆ ನಿಂತಾಗ ಒಬ್ಬನೇ ನಕ್ಕ.

ರಸ್ತೆ ದಾಟುತ್ತಿದ್ದ ಜನರಲ್ಲಿ ಒಬ್ಬಳು ಅರ್ಧದಲ್ಲೇ ನಿಂತಳು. ಕೈಯಲ್ಲಿ ಕಾಗದದಲ್ಲಿ ಸುತ್ತಿದ ಚಪ್ಪಲಿ. ನಾಳೆಯ ಪ್ರಯಾಣಕ್ಕೆ ಅಂತ ಹೊಲಿಸಿಕೊಂಡು ಬರುತ್ತಿದ್ದಳು. ಇವನನ್ನು ನೋಡಲಿಲ್ಲ. ಹಿಂದಿನ ಸೀಟನ್ನೇ ನೋಡುತ್ತ ಹತ್ತಿರ ಬಂದು, ರೇನ್‌ಕೋಟಿನ ಭುಜದ ಮೇಲೆ ಕೈಯಿಟ್ಟಳು. ಕೈ ತೆಗೆದಳು.

"ಯಾರ್ರೀ ಇವರು?"

"ನೀನೇ," ಅಂದ.

ಹಿಂದಿನ ಗಾಡಿಗಳು ದೀಪ ಹಸಿರಾಗುವ ಮೊದಲೇ ಹಾರ್ನ್ ಹೊಡೆಯತೊಡಗಿದವು. "ಹಿಂದಿನಿಂದ ಒಂದು ಶಬ್ದ ಬರ್ತಿದೆ. ನೀನು ಕೂತಾಗ ಮಾತ್ರ. ಅದಕ್ಕೆ ನಿನ್ನಷ್ಟು ತೂಕ ಹಾಕಿ ನೋಡ್ತಿದ್ವಿ. ಐವತ್ತೆಂಟು ಕಿಲೋ."

ಅವಳು ಟೋಪಿ ಎತ್ತಿ ಒಳಗೆ ಇಣುಕಿದಳು. ಸ್ವಲ್ಪ ಯೋಚಿಸಿದಳು. "ಅರವತ್ತೊಂದು," ಅಂದಳು. "ಮೂರು ಕಿಲೋ ಕಡಿಮೆ ತೂಗಿದ್ದೀರಿ."

ಮೂರು ಗ್ರಾಮಿಗೆ ಅವನು ಜನರಿಗೆ ದಂಡ ಹಾಕಿದ್ದುಂಟು. ಬಾ ಕೂತ್ಕೋ, ಗ್ಯಾರೇಜಿಗೆ ಹೋಗೋಣ ಅನ್ನಲು ಬಾಯಿ ತೆರೆದರೆ ಕೂರಲು ಜಾಗವೇ ಇರಲಿಲ್ಲ, ಅಲ್ಲಿ ಆಗಲೇ ಅವಳು ಕೂತಿದ್ದಳು. "ನೀವಿಬ್ರೂ ಹೋಗ್ತಿರಿ," ಅಂದಳು ಅವಳು, "ನಾನು ಹಿಂದೆ ನಡ್ಕೊಂಡು ಬರ್ತೀನಿ." ನಗುತ್ತಿದ್ದಳೋ ಇಲ್ಲವೋ ನೋಡುವ ಮೊದಲೇ ದೀಪ ಹಸಿರಾಗಿತ್ತು.

ಅವಳು ಗ್ಯಾರೇಜು ತಲುಪುವಷ್ಟರಲ್ಲಿ ಚೀಲ ಇಳಿಸಿ ಮೂಲೆಗಿಟ್ಟಿದ್ದರು. ರೇನ್‌ಕೋಟ್ ಬಿಚ್ಚಲು ಯಾರಿಗೂ ಕೈ ಬಂದಿರಲಿಲ್ಲ, ಹಾಗಾಗಿ ಅದು ಟಯರುಗಳ ನಡುವೆ ಗೋಡೆಗೆ ಒರಗಿ ಸುಸ್ತಾದವರ ಹಾಗೆ ಕೂತಿತ್ತು. ಪೋಸ್ಟ್‌ಮನ್ ಎದ್ದು ನಿಂತು ಅವಳಿಗೆ ಬೆಂಚು ಒರೆಸಿಕೊಟ್ಟ. ಅವಳು ಅವನಿಗೆ ಚುಟುಕಾಗಿ ತಲೆಯಾಡಿಸಿದಳು, ಕಾಗದದ ವಿಷಯದ ನಂತರ ಅಷ್ಟೇ ಆಡಿಸುವುದು. ಅದನ್ನು ನೋಡಲಾಗದೆ ಇವನು ಮೊಳೆಯ ಚೀಟಿಗಳನ್ನು ಓದತೊಡಗಿದ. ಮೇಸ್ತ್ರಿ ಹೊಸ ಚೀಟಿ ಹಿಡಿದು ಬಂದ. "ಅಕ್ಕಾ, ನಾನು ಓಡಿಸ್ತೀನಿ, ನೀವು ಹಿಂದೆ ಕೂತ್ಕೊಳ್ಳಿ. ಒಂದೇ ಒಂದು ರೌಂಡು." ಹೋದರು. ಕಾಲು ಗಂಟೆಗೆ ವಾಪಸು ಬಂದರು. ಏಳೂ ಹಂಪು ದಾಟಿಸಿದೆ, ಎರಡು ಗುಂಡಿಗೆ ಬೇಕಂತಲೇ ಇಳಿಸಿದೆ, ಉಸಿರಿಲ್ಲ ಅಂದ ಮೇಸ್ತ್ರಿ. ಅಕ್ಕ ಬಿದ್ದುಗಿದ್ದಾರು ಅಂತ ಪ್ರತಿ ಹಂಪಿಗೂ ತಿರುಗಿ, ಸರಿಯಾಗಿ ಕೂತ್ರಾ ಅಕ್ಕಾ ಅಂತ ಕೇಳಿದ್ದೇನೆ, ಅವರು ಕೂತಿದ್ದೀನಪ್ಪ ಅಂದಿದ್ದಾರೆ, ಅಷ್ಟೇ ಶಬ್ದ. ಈಗ ಉಳಿದದ್ದು ಒಂದೇ ದಾರಿ. ಗಂಡ ಹೆಂಡತಿ ಗಾಡಿಯಲ್ಲಿ ಹೋಗುವುದು, ಮೇಸ್ತ್ರಿ ಪೋಸ್ಟ್‌ಮನ್ನಿನ ಸ್ಕೂಟರಿನಲ್ಲಿ ಪಕ್ಕಪಕ್ಕದಲ್ಲೇ ಬಂದು ಹಿಂದಿನ ಚಕ್ರವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುವುದು.

ಮೊದಲ ಹಂಪು. ದಾಟಿತು, ಸಮವಾಯಿತು. ಟಕ್.

ಅವನಿಗೆ ಕೂಗಿಕೊಳ್ಳುವಷ್ಟು ಸಂತೋಷವಾಯಿತು. ತನಗೆ ಹುಚ್ಚಲ್ಲ, ಶಬ್ದವಿದೆ. ಪಕ್ಕಕ್ಕೆ ತಿರುಗಿ ಕೇಳಿತಾ ಅಂತ ಹುಬ್ಬು ಹಾರಿಸಿದ. ಮೇಸ್ತ್ರಿ ಚಕ್ರ ನೋಡುತ್ತಿರಲಿಲ್ಲ. ಇನ್ನೂ ಮೇಲೆ ಎಲ್ಲೋ ನೋಡುತ್ತಿದ್ದ, ಬಾಯಿ ಅರ್ಧ ತೆರೆದಿತ್ತು. ಎರಡನೆಯ ಹಂಪು. ಟಕ್. ಮೇಸ್ತ್ರಿ ಕೈಸನ್ನೆ ಮಾಡಿ ವಾಪಸು ತಿರುಗಿಸಿದ.

ಗ್ಯಾರೇಜಿನಲ್ಲಿ ಇವನನ್ನು ಗಾಳಿ ಪಂಪಿನ ಹಿಂದೆ ಕರೆದುಕೊಂಡು ಹೋಗಿ ದನಿ ತಗ್ಗಿಸಿದ. "ಸಾರ್, ಅದು ಸ್ಪ್ರಿಂಗಲ್ಲ. ಅಕ್ಕನ ಉಂಗುರ."

"ಏನು?"

"ಹಂಪು ದಾಟಿದ ಮೇಲೆ ಅಕ್ಕ ಉಂಗುರದಲ್ಲಿ ಹಿಡಿಕೆಗೆ ತಟ್ತಾರೆ. ಒಂದೇ ಸಲ. ಬುಶ್ ಹಾಕಿದೆ, ಎಣ್ಣೆ ಹಾಕಿದೆ, ಛೆ." ಅವನ ಮುಖ ಕಪ್ಪಿಟ್ಟಿತ್ತು. ಇಪ್ಪತ್ತೈದು ವರ್ಷದ ಕಿವಿ ಅವನದು.

ಅವಳೇ ಅಲ್ಲಿಗೆ ಬಂದಳು. ಗುಟ್ಟು ಮುಚ್ಚಿಡಲು ಅಲ್ಲೇನು ಗೋಡೆಯಿತ್ತೇ. "ಅದಾ ಶಬ್ದ?" ಅಂದಳು. ಉಂಗುರದ ಕೈಯನ್ನು ನೋಡಿಕೊಂಡಳು. "ನಿಮಗೆ ಗೊತ್ತು ಅಂದ್ಕೊಂಡಿದ್ದೆ ನಾನು. ಬಂಕಿನ ದಿನದಿಂದ ತಟ್ತಿದ್ದೀನಿ. ಗಾಡಿ ಎಗರಿದಾಗೆಲ್ಲ, ಬಿದ್ದಿಲ್ಲ, ಇಲ್ಲೇ ಇದ್ದೀನಿ ಅಂತ ನಿಮಗೆ ತಿಳೀಲಿ ಅಂತ."

ಮೇಸ್ತ್ರಿ ಚೀಟಿಯ ಮೇಲೆ ಟಕ್ ಎಂದು ಬರೆದು, ಮುಂದೆ ಏನು ಬರೆಯುವುದೆಂದು ತೋಚದೆ, ಮೊಳೆಗೆ ಚುಚ್ಚಿದ. ಪೋಸ್ಟ್‌ಮನ್ ಕೆಮ್ಮಿ, ತೂಕಗಳನ್ನು ಸೋಮವಾರ ಬೆಳಿಗ್ಗೆ ತಾನೇ ಕಚೇರಿಗೆ ಮುಟ್ಟಿಸುತ್ತೇನೆ, ಹೊತ್ತಿಗೆ ಸರಿಯಾಗಿ ಮುಟ್ಟಿಸುತ್ತೇನೆ, ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ ಅಂದ. ಚೀಲದಿಂದ ರೇನ್‌ಕೋಟ್ ಬಿಚ್ಚಿ, ಮಡಚಿ, ಅವಳ ಕೈಗೆ ಕೊಟ್ಟ.

ಮನೆಯ ದಾರಿ ಹಿಡಿದಾಗ ಸಂಜೆಯ ಬಿಸಿಲು ಎದುರಿಗಿತ್ತು. ಮೊದಲ ಹಂಪು ದಾಟಿದರು. ಶಬ್ದ ಬರಲಿಲ್ಲ. ಬ್ರೇಕು ಹಾಕಿ ತಿರುಗಿ ನೋಡಿದ. ಇದ್ದಳು. ಎರಡು ಕೈಗಳನ್ನೂ ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

"ಏನಾಯ್ತು?"

"ಏನಿಲ್ಲ."

ಎರಡನೆಯ ಹಂಪು ದಾಟಿ ಮತ್ತೆ ನಿಲ್ಲಿಸಿದ. ಇದ್ದಳು. ಮೂರನೆಯದಕ್ಕೆ ನಿಲ್ಲಿಸದೆ ಹೋಗಬೇಕೆಂದು ಹಟ ಮಾಡಿ ಇಪ್ಪತ್ತು ಮಾರು ಹೋದ; ಬೆನ್ನ ಹಿಂದೆ ಏನೂ ಇಲ್ಲ, ಗಾಳಿ ಮಾತ್ರ, ಗಾಳಿ ಹಿಂದಿನಿಂದ ನೇರವಾಗಿ ಬಂದು ಕುತ್ತಿಗೆಗೆ ತಾಗುತ್ತಿದೆ ಅನ್ನಿಸಿ ಮತ್ತೆ ನಿಲ್ಲಿಸಿದ. "ರಸ್ತೆ ನೋಡಿ ಓಡಿಸಿ," ಅಂದಳು. "ಶಬ್ದ ಬೇಡ ಅಂತ ತಾನೇ ಊರೆಲ್ಲ ಕೂಡಿಸಿದ್ದು." ಬೇಕು, ತಟ್ಟು ಅನ್ನಬೇಕೆನಿಸಿತು. ಆಗ ನೆನಪಾಯಿತು: ಶಬ್ದ ನಿಂತಿದೆ. ನಿಂತ ದಿನ ಹೇಳುತ್ತೇನೆ ಅಂದಿದ್ದೆ. ಇನ್ನು ಬಿಚ್ಚಲು ಗಾಡಿಯಲ್ಲಿ ಒಂದು ನಟ್ಟೂ ಉಳಿದಿಲ್ಲ. ಒಂದು ನಾಯಿ ರಸ್ತೆ ದಾಟುವವರೆಗೆ ಕಾದ. ನಿಧಾನಕ್ಕೆ ಮುಂದೆ ಹೋಗುತ್ತ, ತಿರುಗದೆ, "ಆ ಕಾಗದ ಇತ್ತಲ್ಲ," ಅಂದ. ಎರಡು ಸಲ ಜೋಡಿಸಿ ತಿದ್ದಿಟ್ಟುಕೊಂಡಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ. "ಪೋಸ್ಟ್‌ಮನ್ ತಡ ಮಾಡಿರಲಿಲ್ಲ. ಎಂಟು ದಿನ ನನ್ನ ಚೀಲದಲ್ಲಿತ್ತು. ಮೂರನೇ ದಿನ ನೋಡಿದೆ. ನೋಡಿ, ಸುಮ್ಮನಿದ್ದೆ." ಅಷ್ಟೇ ಬಂತು.

ಹಿಂದಿನಿಂದ ಏನೂ ಬರಲಿಲ್ಲ. ಖಾಲಿ ಸೀಟಿನದ್ದೂ ಇಂಥದೇ ಮೌನವಾಗಿತ್ತು, ಚೀಲದ್ದೂ ಇಂಥದೇ. ಈ ಸಲ ಅವನು ಅದನ್ನು ದೊಡ್ಡ ಮನಸ್ಸು ಅಂದುಕೊಳ್ಳಲಿಲ್ಲ.

"ಗಾಡಿ ನಿಲ್ಲಿಸಿ."

ನಿಲ್ಲಿಸಿದ. ಅವಳು ಇಳಿದಳು. ಗಾಡಿಯ ಹಿಂಭಾಗ ಎರಡು ಬೆರಳು ಮೇಲೆದ್ದಿತು. ಅದನ್ನು ಅವನು ಮೊದಲ ಬಾರಿಗೆ ಬೆನ್ನಲ್ಲಿ ತಿಳಿದ.

"ಯಾಕೆ ಸುಮ್ಮನಿದ್ರಿ?"

"ನೀನು ಕೆಲಸಕ್ಕೆ ಸೇರಿದ್ರೆ, ಸಂಜೆ ಮನೆಗೆ ಬಂದಾಗ ಬಾಗಿಲು ತೆಗೆಯೋಕೆ ನೀನು ಇರಲ್ಲ ಅನ್ನಿಸ್ತು." ಹೇಳಿದ ಮೇಲೆ ಅದು ಎಷ್ಟು ಸಣ್ಣ ಮಾತು ಅಂತ ಅವನಿಗೇ ಕೇಳಿಸಿತು. ಆದರೆ ಅದಕ್ಕಿಂತ ದೊಡ್ಡದು ಒಳಗೆ ಎಷ್ಟು ಹುಡುಕಿದರೂ ಇರಲಿಲ್ಲ.

ಅವಳು ಚಪ್ಪಲಿಯ ಪೊಟ್ಟಣವನ್ನು ಎದೆಗೆ ಒತ್ತಿಕೊಂಡಳು. "ಆ ಮನುಷ್ಯನ ಹತ್ರ ನನ್ನೆದುರಿಗೆ ತಪ್ಪಾಯ್ತು ಅನ್ನಿಸಿದೆನಲ್ರೀ ನಾನು. ಈಗಷ್ಟೇ ನನ್ನ ಕೋಟು ಮಡಚಿಕೊಟ್ಟ." ಅವಳು ಅಳುವುದಕ್ಕೆ ಅವನು ಕಾದ, ಬೈಯುವುದಕ್ಕೆ ಕಾದ. ಅವಳು ತಿರುಗಿ ಮನೆಯ ಕಡೆ ನಡೆಯತೊಡಗಿದಳು.

"ನಾಳೆ?" ಅಂತ ಕೇಳಿದ. ಕೇಳಬಾರದಿತ್ತು. ಅವಳು ಹೋಗುತ್ತಲೇ ಇದ್ದಳು.

ಎಂಜಿನ್ನು ಆರಿಸಿ, ಇಳಿದು, ಗಾಡಿಯನ್ನು ತಳ್ಳುತ್ತ ಹಿಂದೆ ಹೊರಟ. ಮುನ್ನೂರು ಕಿಲೋದ ಗಾಡಿ, ಖಾಲಿ ಸೀಟು. ಅವಳು ಹತ್ತು ಮಾರು ಮುಂದೆ, ಬೆನ್ನು ಮಾತ್ರ ಕಾಣುತ್ತಿತ್ತು. ಕರೆಯಲು ಬಾಯಿಲ್ಲ. ಕರೆದು ಏನಂತ ಹೇಳುವುದು? ಬಿಟ್ಟುಹೋದ ಅಂದುಕೊಂಡಾಳು ಅನ್ನಿಸಿತು. ಒಮ್ಮೆ ಹೋಗಿದ್ದವನಲ್ಲವೇ, ಅನುಮಾನಕ್ಕೆ ಅವಳಿಗೆ ಹಕ್ಕಿತ್ತು. ಕಿಸೆಯಿಂದ ಬೀಗದ ಕೈ ತೆಗೆದು ಟ್ಯಾಂಕಿನ ಮೇಲೆ ಒಂದು ಸಲ ತಟ್ಟಿದ. ಟಕ್. ಅವಳು ತಿರುಗಲಿಲ್ಲ. ಹತ್ತು ಹೆಜ್ಜೆಗೊಮ್ಮೆ ತಟ್ಟುತ್ತ ತಳ್ಳಿದ. ಎದುರಿಗೆ ಬಂದ ಜನ ಗಾಡಿ ಕೆಟ್ಟಿತಾ ಸಾರ್ ಅಂತ ಕೇಳಿದರು. ಹೂಂ ಅಂದ. ಬಣ್ಣ ಕಿತ್ತು ಟ್ಯಾಂಕಿನ ಮೇಲೆ ಸಣ್ಣ ಸಣ್ಣ ಚುಕ್ಕಿಗಳಾಗುತ್ತಿದ್ದವು.

ಮನೆಯ ಹತ್ತಿರದ ಹಂಪು ಎತ್ತರದ್ದು. ಅವಳು ದಾಟಿ ಮುಂದೆ ಹೋದಳು. ಇವನು ಮುಂದಿನ ಚಕ್ರ ಹತ್ತಿಸಿದ, ಹಿಂದಿನದು ಹತ್ತಲಿಲ್ಲ. ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು, ಎದೆಕೊಟ್ಟು ತಳ್ಳಿದ, ಜಾರಿತು, ಮತ್ತೆ ತಳ್ಳಿದ. ತಟ್ಟಲು ಕೈ ಇರಲಿಲ್ಲ. ಮೂರನೆಯ ಸಲಕ್ಕೆ ಚಕ್ರ ಹತ್ತಿ ಇಳಿಯಿತು. ಸ್ಪ್ರಿಂಗು ಒಂದು ಚೂರೂ ಸದ್ದು ಮಾಡಲಿಲ್ಲ, ಮೇಸ್ತ್ರಿಯ ಕೆಲಸ ಅಷ್ಟು ಚೆನ್ನಾಗಿತ್ತು. ಬೆವರು ಒರೆಸಿಕೊಂಡು ತಲೆಯೆತ್ತಿದ.

ಅವಳು ನಿಂತಿದ್ದಳು. ಹಿಂದಕ್ಕೆ ತಿರುಗಿರಲಿಲ್ಲ. ಚಪ್ಪಲಿಯ ಪೊಟ್ಟಣ ಕಂಕುಳಲ್ಲಿತ್ತು, ಏನನ್ನೋ ಕೇಳಿಸಿಕೊಳ್ಳಲು ಕಾದವಳ ಹಾಗೆ ತಲೆ ಸ್ವಲ್ಪ ವಾರೆಯಾಗಿತ್ತು.

ಅವನು ಬೀಗದ ಕೈಯಿಂದ ತಟ್ಟಿದ. ಆಮೇಲೆ ಅವಳು ಮುಂದೆ ನಡೆದಳು.